ವಯಸ್ಸಿನ ಲೆಕ್ಕ, ಸಾಮರ್ಥ್ಯದ ತೂಕ: ಉರ್ಸುಲಾ ಲೇರ್ ಅವರ ಬಾಳಿನ ವಿಮರ್ಶೆ

ವಿದ್ವಾಂಸನ ಧರ್ಮ ಒಂದು, ರಾಜ್ಯಾಧಿಕಾರ ಹೊತ್ತವನ ಧರ್ಮ ಇನ್ನೊಂದು. ವಿದ್ವಾಂಸನು ವಸ್ತುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿ, ಇದು ಅದರಂತಲ್ಲವೆಂದು ಭೇದವನ್ನು ಗುರುತಿಸುತ್ತಾನೆ. ಅಧಿಕಾರಸ್ಥನಾದರೋ ಕಾಯಿದೆಯ ಒಂದು ಸಾಲಿನಲ್ಲಿ ಲಕ್ಷಾಂತರ ಜನರನ್ನು ಕೂಡಿಸಿ, ಇವರೆಲ್ಲರೂ ಒಂದೇ ವರ್ಗದವರೆಂದು ಎಣಿಸಲೇಬೇಕಾಗುತ್ತದೆ. ಹೀಗಿರುವಾಗ, ಮನುಷ್ಯರನ್ನು ವರ್ಗವಾಗಿ ಎಣಿಸುವುದೇ ತಪ್ಪೆಂದು ಜೀವಮಾನವೆಲ್ಲ ಸಾಧಿಸಿ ತೋರಿಸಿದವರೊಬ್ಬರು ಮಂತ್ರಿಪದವಿಗೆ ಏರಿದರೆ ಆಗುವುದೇನು? ಜರ್ಮನಿಯ ಮನಶ್ಶಾಸ್ತ್ರಜ್ಞೆಯೂ ವೃದ್ಧಾಪ್ಯವಿಜ್ಞಾನದ ಪ್ರವರ್ತಕರಲ್ಲೊಬ್ಬರೂ ಆದ ಉರ್ಸುಲಾ ಲೇರ್ ಅವರ ಬಾಳು ಈ ಪ್ರಶ್ನೆಗೆ ದೊರೆತಿರುವ ಒಂದು ಉತ್ತರ. 1930ರ ಜೂನ್ 5ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿ, 2022ರ ಏಪ್ರಿಲ್ 25ರಂದು ತಮ್ಮ 91ನೆಯ ವಯಸ್ಸಿನಲ್ಲಿ ಬಾನ್ ನಗರದಲ್ಲಿ ನಿಧನರಾದ ಈ ಮಹಿಳೆಯ ಸಾಧನೆಯನ್ನು ಕೊಂಡಾಡಿದವರು ಅನೇಕರು. ಆದರೆ ಕೊಂಡಾಟವಷ್ಟರಿಂದಲೇ ಒಂದು ಬಾಳಿನ ತೂಕ ತಿಳಿಯುವುದಿಲ್ಲ. ಅವರ ಬೋಧೆಯಲ್ಲಿ ಗಟ್ಟಿಯಾದುದು ಯಾವುದು, ಅಪೂರ್ಣವಾದುದು ಯಾವುದು ಎಂಬುದನ್ನು ವಿಂಗಡಿಸಿ ನೋಡುವುದು ಅವರಿಗೂ ಸಲ್ಲುವ ಗೌರವವೇ ಆಗಿದೆ.

ಅವರು ಎದುರಿಸಿದ ರೂಢಿಯ ಮೂಲವನ್ನು ಮೊದಲು ತಿಳಿಯಬೇಕು. ದುಡಿಯುವ ವರ್ಗದವರಿಗೆ ವೃದ್ಧಾಪ್ಯವೇತನವನ್ನು ಕಾಯಿದೆಯ ಮೂಲಕ ವಿಧಿಸಿದ ರಾಷ್ಟ್ರಗಳಲ್ಲಿ ಜರ್ಮನಿಯೇ ಅಗ್ರಗಣ್ಯ. ಚಾನ್ಸಲರ್ ಬಿಸ್ಮಾರ್ಕ್ ಅವರ ಆಡಳಿತದಲ್ಲಿ, 1889ರಲ್ಲಿ ಆದ ಆ ಕಾಯಿದೆಯು ವೇತನಕ್ಕೆ ಎಪ್ಪತ್ತು ವರ್ಷಗಳ ವಯೋಮಿತಿಯನ್ನು ಗೊತ್ತುಪಡಿಸಿತು. ಆಗ ಬಿಸ್ಮಾರ್ಕ್ ಅವರಿಗೆ ಎಪ್ಪತ್ತನಾಲ್ಕು ವರ್ಷ. ಅವರಾದರೋ ಇನ್ನೂ ಸಾಮ್ರಾಜ್ಯದ ಆಡಳಿತವನ್ನು ನಡೆಸುತ್ತಿದ್ದರು. 1916ರಲ್ಲಿ ಆ ಮಿತಿಯನ್ನು ಅರವತ್ತೈದಕ್ಕೆ ಇಳಿಸಲಾಯಿತು. ದುಡಿದು ಬಳಲಿದವರಿಗೆ ಇದು ನಿಸ್ಸಂದೇಹವಾಗಿ ಉಪಕಾರವೇ. ಆದರೆ ಉಪಕಾರಕ್ಕೆಂದು ಎಳೆದ ಗೆರೆಯು ಕಾಲಕ್ರಮದಲ್ಲಿ ಮನುಷ್ಯನ ಯೋಗ್ಯತೆಯ ಗೆರೆಯಾಗಿ ಪರಿಣಮಿಸಿತು. ಅರವತ್ತೈದು ತುಂಬಿದವನು ವೇತನಕ್ಕೆ ಅರ್ಹನೆಂಬ ಮಾತು, ಅರವತ್ತೈದು ತುಂಬಿದವನು ಕೆಲಸಕ್ಕೆ ಅನರ್ಹನೆಂಬ ಮಾತಾಗಿ ಜನರ ಬಾಯಲ್ಲಿ ತಿರುಗಿತು. ಇದರ ವಿಪರ್ಯಾಸವನ್ನು ಕಾಣಲು ದೂರ ಹೋಗಬೇಕಾಗಿರಲಿಲ್ಲ. ಯುದ್ಧದಲ್ಲಿ ನೆಲಸಮವಾದ ಪಶ್ಚಿಮ ಜರ್ಮನಿಯನ್ನು 1949ರಿಂದ ಚಾನ್ಸಲರ್ ಆಗಿ ಮುನ್ನಡೆಸಿದ ಕೊನ್ರಾಡ್ ಅಡೆನಾವರ್ ಅವರು ಆ ಹೊಣೆಯನ್ನು ವಹಿಸಿದಾಗ ಎಪ್ಪತ್ತಮೂರು ವರ್ಷದವರು, 1963ರಲ್ಲಿ ಇಳಿಸಿದಾಗ ಎಂಬತ್ತೇಳು ವರ್ಷದವರು. ಅವರ ಸರ್ಕಾರದ ಪೀಠವಿದ್ದ ಬಾನ್ ನಗರದ ವಿಶ್ವವಿದ್ಯಾಲಯದಲ್ಲಿಯೇ ಲೇರ್ ಅವರು ವೃದ್ಧಾಪ್ಯದ ಅಧ್ಯಯನವನ್ನು ಕೈಗೊಂಡರು.

ಲೇರ್ ಅವರ ವಿದ್ಯಾರ್ಥಿಜೀವನವು ಗೃಹಕೃತ್ಯದೊಡನೆ ಹೆಣೆದುಕೊಂಡಿತ್ತು. 1950ರಲ್ಲಿ, ಇಪ್ಪತ್ತರ ಹರೆಯದಲ್ಲಿ ವಿವಾಹ, ಇಬ್ಬರು ಗಂಡುಮಕ್ಕಳ ಪೋಷಣೆ, ಇವುಗಳ ನಡುವೆಯೇ 1954ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ. ಆ ಕಾಲದ ಪಶ್ಚಿಮ ಜರ್ಮನಿಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ವಿವಾಹಿತೆಯು ದಾಂಪತ್ಯ ಮತ್ತು ಕುಟುಂಬಗಳ ಕರ್ತವ್ಯಕ್ಕೆ ಭಂಗ ಬಾರದ ಮಟ್ಟಿಗೆ ಮಾತ್ರ ಹೊರಗೆ ದುಡಿಯಬಹುದೆಂಬ ವಿಧಿಯು ಅಲ್ಲಿನ ನಾಗರಿಕ ಸಂಹಿತೆಯಲ್ಲಿ 1977ರವರೆಗೂ ಉಳಿದಿತ್ತೆಂಬುದನ್ನು ನೆನೆದರೆ, ಆಕೆ ಹಿಡಿದ ದಾರಿಯ ಕಷ್ಟ ಎಷ್ಟೆಂಬುದು ಮನವರಿಕೆಯಾಗುತ್ತದೆ. ಅಧ್ಯಾಪನಾರ್ಹತೆಗಾಗಿ ಅವರು 1968ರಲ್ಲಿ ಸಿದ್ಧಪಡಿಸಿದ ಪ್ರಬಂಧದ ವಿಷಯವೂ ಉದ್ಯೋಗಸ್ಥ ಸ್ತ್ರೀಯರದೇ. ಅನಂತರ, ತಾಯಿಯು ಹೊರಗೆ ದುಡಿದರೆ ಮಗು ಕೆಡುತ್ತದೆಯೆ ಎಂಬ ಪ್ರಶ್ನೆಯನ್ನೂ ಅವರು ಕೈಗೆತ್ತಿಕೊಂಡರು. ತಾಯಿಯು ಮನೆಯಲ್ಲಿರುವ ಗಂಟೆಗಳನ್ನು ಎಣಿಸಿದ ಮಾತ್ರದಿಂದ ಮಗುವಿನ ಹಿತಾಹಿತ ನಿರ್ಣಯವಾಗದು, ಇರುವಷ್ಟು ಹೊತ್ತು ತಾಯಿಯ ಗಮನ ಹೇಗಿದೆ, ತಾಯಿ ತನ್ನ ಬಾಳಿನಲ್ಲಿ ತೃಪ್ತಳಾಗಿದ್ದಾಳೆಯೆ, ಮಗುವಿಗೆ ಇತರರ ಆಸರೆ ಎಂಥದು ಎಂಬುದನ್ನೆಲ್ಲ ನೋಡಬೇಕು ಎಂಬುದು ಅವರ ನಿಲುವು. ಮುಂದೆ ಅವರನ್ನು ರಾಜಕೀಯ ಬಿರುಗಾಳಿಗೆ ಒಡ್ಡಿದ್ದು ಈ ನಿಲುವೇ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಅವರ ಕೀರ್ತಿಗೆ ಮುಖ್ಯ ಆಧಾರವಾದುದು ಬಾನ್ ನಗರದ ದೀರ್ಘಕಾಲಿಕ ವೃದ್ಧಾಪ್ಯ ಅಧ್ಯಯನ. ಗುರುಗಳಾದ ಹಾನ್ಸ್ ಥೊಮೆ ಅವರ ನೇತೃತ್ವದಲ್ಲಿ 1965ರಲ್ಲಿ ಆರಂಭವಾದ ಈ ಕಾರ್ಯದಲ್ಲಿ ಲೇರ್ ಅವರು ಪ್ರಧಾನ ಸಹಭಾಗಿಯಾಗಿದ್ದರು. 1890ರಿಂದ 1895ರೊಳಗೆ ಹುಟ್ಟಿದವರು, 1900ರಿಂದ 1905ರೊಳಗೆ ಹುಟ್ಟಿದವರು ಎಂಬ ಎರಡು ಗುಂಪುಗಳಿಂದ ಸುಮಾರು ಇನ್ನೂರಿಪ್ಪತ್ತು ಮಂದಿ ಸ್ತ್ರೀಪುರುಷರನ್ನು ಆಯ್ದುಕೊಂಡು, ಅವರನ್ನೇ ಮತ್ತೆ ಮತ್ತೆ ಕರೆಸಿ, ಇಪ್ಪತ್ತು ವರ್ಷಗಳ ಸಮೀಪದ ಅವಧಿಯವರೆಗೆ ಅವರ ದೇಹಾರೋಗ್ಯ, ಬುದ್ಧಿಶಕ್ತಿ, ಮನಃಸ್ಥಿತಿ ಮತ್ತು ಕುಟುಂಬಸಂಬಂಧಗಳನ್ನು ಪರೀಕ್ಷಿಸಲಾಯಿತು. ಇದರ ಮಹತ್ತ್ವವನ್ನು ಅರಿಯಲು ಅಂದಿನ ರೂಢಿಯೊಡನೆ ಹೋಲಿಸಬೇಕು. ಒಂದೇ ದಿನ ಮೂವತ್ತರವರನ್ನೂ ಎಪ್ಪತ್ತರವರನ್ನೂ ಪರೀಕ್ಷೆಗೆ ಕೂರಿಸಿ, ಎಪ್ಪತ್ತರವರು ಕಡಿಮೆ ಅಂಕ ಪಡೆದರೆ ಅದು ವಯಸ್ಸಿನ ದೋಷವೆಂದು ಬರೆದುಬಿಡುವುದು ಸುಲಭದ ಮಾರ್ಗ. ಆದರೆ ಎಪ್ಪತ್ತರವರು ಕಲಿತ ಶಾಲೆ ಬೇರೆ, ಉಂಡ ಊಟ ಬೇರೆ, ಕಂಡ ಕಷ್ಟ ಬೇರೆ. ಬಾನ್ ಅಧ್ಯಯನದಲ್ಲಿ ಪಾಲ್ಗೊಂಡವರು ಎರಡು ಮಹಾಯುದ್ಧಗಳನ್ನೂ, 1923ರಲ್ಲಿ ಉಳಿತಾಯವನ್ನೆಲ್ಲ ನುಂಗಿದ ಹಣದುಬ್ಬರವನ್ನೂ ದಾಟಿ ಬಂದವರು. ಆದುದರಿಂದ ಅವರ ಪೂರ್ವವೃತ್ತಾಂತವನ್ನು ಅವರ ಬಾಯಿಂದಲೇ ಸಾವಧಾನವಾಗಿ ಕೇಳಿ ದಾಖಲಿಸುವುದು ಆ ಅಧ್ಯಯನದ ಕ್ರಮವಾಗಿತ್ತು.

ಆಗ ಅಮೆರಿಕದಲ್ಲಿ ಎರಡು ವಾದಗಳು ಪರಸ್ಪರ ಸೆಣಸುತ್ತಿದ್ದವು. ಮುದುಕರು ಲೋಕವ್ಯವಹಾರದಿಂದ ತಾವಾಗಿ ಹಿಂದೆ ಸರಿಯುವುದು ಸಹಜ, ಸಮಾಜವು ಅವರನ್ನು ಬಿಟ್ಟುಕೊಡುವುದೂ ಸಹಜ, ಹಾಗಾದರೇ ಇಬ್ಬರಿಗೂ ನೆಮ್ಮದಿ ಎಂಬುದು 1961ರಲ್ಲಿ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಅವರು ಪ್ರತಿಪಾದಿಸಿದ ವಾದ. ಹಾಗಲ್ಲ, ನಡುವಯಸ್ಸಿನ ಚಟುವಟಿಕೆಯನ್ನು ಕೊನೆಯವರೆಗೂ ಉಳಿಸಿಕೊಂಡವನೇ ಸುಖಿ ಎಂಬುದು ರಾಬರ್ಟ್ ಹ್ಯಾವಿಗರ್ಸ್ಟ್ ಮುಂತಾದವರ ಪ್ರತಿವಾದ. ಬಾನ್ ಪಂಡಿತರು ಕಂಡುಕೊಂಡದ್ದು ಈ ಎರಡು ಏಕಾಂತವಾದಗಳಿಗೂ ಪೂರ್ಣವಾಗಿ ಸಲ್ಲದ ಸತ್ಯ. ಒಬ್ಬನು ನೆರೆಹೊರೆಯ ಸಂಬಂಧವನ್ನು ಕಡಿಮೆ ಮಾಡಿಕೊಂಡು ಮಕ್ಕಳುಮೊಮ್ಮಕ್ಕಳಲ್ಲಿ ಹೆಚ್ಚು ತೊಡಗುತ್ತಾನೆ. ಇನ್ನೊಬ್ಬನು ಮನೆಯ ಹೊಣೆಯನ್ನು ಇಳಿಸಿ ಹೊರಗಿನ ಸಂಘಗಳಲ್ಲಿ ಹುರುಪು ಕಾಣುತ್ತಾನೆ. ಹಿಂದೆ ಸರಿದವನು ಒಂದು ಪಾತ್ರದಲ್ಲಿ ಸರಿದಿರಬಹುದು, ಮತ್ತೊಂದರಲ್ಲಿ ಮುಂದೆ ಬಂದಿರಬಹುದು. ತನ್ನ ಸ್ಥಿತಿಯನ್ನು ಆತನೇ ಹೇಗೆ ಗ್ರಹಿಸುತ್ತಾನೆ ಎಂಬುದು, ಹೊರಗಿನವರು ಅಳೆದ ಸ್ಥಿತಿಗಿಂತ ಅವನ ನಡೆನುಡಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಥೊಮೆ ಅವರ ಸಿದ್ಧಾಂತದ ಸಾರ. ಬುದ್ಧಿಶಕ್ತಿಯ ವಿಷಯದಲ್ಲಿಯೂ ಹೀಗೆಯೇ. ಚುರುಕಿನ ಕೆಲಸದಲ್ಲಿ ಇಳಿತ ಕಂಡುಬಂದರೂ, ಒಟ್ಟು ಸಾಮರ್ಥ್ಯವು ಜನ್ಮದಿನಾಂಕಕ್ಕಿಂತ ಆರೋಗ್ಯ, ಶಿಕ್ಷಣ ಮತ್ತು ಅಭ್ಯಾಸಗಳನ್ನು ಹೆಚ್ಚಾಗಿ ಅವಲಂಬಿಸಿರುವುದು ತಿಳಿದುಬಂದಿತು.

ಈ ವಿಚಾರಗಳನ್ನು ಒಟ್ಟುಗೂಡಿಸಿ ಲೇರ್ ಅವರು 1972ರಲ್ಲಿ ಪ್ರಕಟಿಸಿದ ವೃದ್ಧಾಪ್ಯದ ಮನಶ್ಶಾಸ್ತ್ರ ಕುರಿತ ಗ್ರಂಥವು ಜರ್ಮನ್ ಭಾಷೆಯಲ್ಲಿ ಆ ವಿಷಯಕ್ಕೆ ಪ್ರಮಾಣಗ್ರಂಥವೆನಿಸಿ ಅನೇಕ ಪರಿಷ್ಕೃತ ಆವೃತ್ತಿಗಳನ್ನು ಕಂಡಿತು. ಗ್ರಂಥದ ಮುಖ್ಯ ಗುಣವೆಂದರೆ, ಅದು ವೃದ್ಧಾಪ್ಯವನ್ನು ದೇಹದ ಕಥೆಯೆಂದಷ್ಟೇ ನೋಡದೆ, ಬಾಳಿನುದ್ದಕ್ಕೂ ನಡೆದುಬಂದ ಒಂದು ಪ್ರಕ್ರಿಯೆಯೆಂದು ನೋಡುತ್ತದೆ. ಇಪ್ಪತ್ತರಲ್ಲಿ ಕಲಿತದ್ದು, ನಲವತ್ತರಲ್ಲಿ ದುಡಿದದ್ದು, ಐವತ್ತರಲ್ಲಿ ಕಳೆದುಕೊಂಡದ್ದು, ಎಲ್ಲವೂ ಎಪ್ಪತ್ತರ ಖಾತೆಗೆ ಬಂದು ಸೇರುತ್ತವೆ. ಹಾಗಾದರೆ ವೃದ್ಧಾಪ್ಯಕ್ಕೆ ಸಿದ್ಧತೆ ವೃದ್ಧಾಪ್ಯದಲ್ಲಿ ಆರಂಭವಾಗತಕ್ಕದ್ದಲ್ಲ, ಅದು ಬಾಲ್ಯದಿಂದಲೇ ನಡೆಯತಕ್ಕದ್ದು. ಈ ನಂಬಿಕೆಯಿಂದಲೇ ಅವರು ಕೇವಲ ವರ್ಣನೆಗೆ ನಿಲ್ಲದೆ, ವೃದ್ಧಾಪ್ಯದ ಗತಿಯಲ್ಲಿ ವಿವೇಕದಿಂದ ಕೈಹಾಕುವ ಕ್ರಮವೊಂದನ್ನು 1970ರ ದಶಕದ ಕೊನೆಯಲ್ಲಿ ನಿರೂಪಿಸಿದರು. ಶಕ್ತಿಯನ್ನು ಎಳವೆಯಿಂದಲೇ ಬೆಳೆಸುವುದು, ಕ್ಷೀಣತೆಯನ್ನು ಮುಂದಾಗಿ ತಡೆಯುವುದು, ಕಳೆದುದನ್ನು ಚಿಕಿತ್ಸೆ ಮತ್ತು ತರಬೇತಿಗಳಿಂದ ಮರಳಿ ಪಡೆಯುವುದು, ಮರಳಿ ಪಡೆಯಲಾಗದ ಸ್ಥಿತಿಯೊಡನೆ ಬಾಳಲು ನೆರವಾಗುವುದು ಎಂಬ ನಾಲ್ಕು ಅಂಗಗಳು ಅದರಲ್ಲಿದ್ದವು. 1986ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೃದ್ಧಾಪ್ಯವಿಜ್ಞಾನಕ್ಕೆಂದೇ ಪ್ರಾಧ್ಯಾಪಕ ಪೀಠವೂ ಸಂಸ್ಥೆಯೂ ಸ್ಥಾಪಿತವಾದಾಗ ಅದರ ಹೊಣೆ ಅವರದಾಯಿತು.

1988ರ ನವೆಂಬರಿನಲ್ಲಿ ರೀಟಾ ಸೂಸ್ಮುಥ್ ಅವರು ಸಂಸತ್ತಿನ ಅಧ್ಯಕ್ಷಪೀಠಕ್ಕೆ ಆಯ್ಕೆಯಾದರು. ಅವರಿಂದ ತೆರವಾದ ಯುವಜನ, ಕುಟುಂಬ, ಮಹಿಳೆ ಹಾಗೂ ಆರೋಗ್ಯ ಇಲಾಖೆಗೆ ಚಾನ್ಸಲರ್ ಹೆಲ್ಮುಟ್ ಕೋಲ್ ಅವರು ಲೇರ್ ಅವರನ್ನು ಆರಿಸಿದರು. ಡಿಸೆಂಬರಿನಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ವಯಸ್ಸು ಐವತ್ತೆಂಟು. ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಪಕ್ಷದವರಾಗಿದ್ದರೂ ಆಗ ಅವರು ಸಂಸತ್ ಸದಸ್ಯೆಯಾಗಿರಲಿಲ್ಲ. ಪಕ್ಷದೊಳಗೆ ಬೆಂಬಲಿಗರ ಬಳಗವನ್ನು ಕಟ್ಟಿಕೊಂಡು ಮೇಲೇರಿದವರೂ ಅಲ್ಲ. ಅಧ್ಯಯನಪೀಠದಿಂದ ನೇರವಾಗಿ ಮಂತ್ರಿಪೀಠಕ್ಕೆ ಬಂದವರು.

ಪರೀಕ್ಷೆ ಬಹುಬೇಗ ಬಂದೊದಗಿತು. 1989ರ ಆರಂಭದಲ್ಲಿ ಅವರು, ಶಿಶುವಿಹಾರಗಳ ಬಾಗಿಲನ್ನು ಎರಡು ವರ್ಷದ ಮಕ್ಕಳಿಗೂ ತೆರೆಯಬೇಕೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ವ್ಯಕ್ತಪಡಿಸಿದರು. ಒಂದೇ ಮಗುವಿರುವ ಮನೆಗಳು ಹೆಚ್ಚುತ್ತಿರುವ ಕಾಲದಲ್ಲಿ ಸಮವಯಸ್ಕರ ಸಹವಾಸ ಮಗುವಿಗೆ ಹಿತವೆಂಬುದು ಮನಶ್ಶಾಸ್ತ್ರಜ್ಞೆಯ ಮಾತು. ಆದರೆ ಪಕ್ಷದ ಕಿವಿಗೆ ಅದು ಬೇರೆಯಾಗಿಯೇ ಕೇಳಿಸಿತು. ಮೂರು ವರ್ಷದವರೆಗೆ ಮಗು ತಾಯಿಯ ಮಡಿಲಲ್ಲೇ ಇರಬೇಕೆಂಬುದು ಆ ಪಕ್ಷದ ಬಹುಮಂದಿಗೆ ಪ್ರಶ್ನಾತೀತವಾದ ನಂಬಿಕೆ. ಎಳೆಯ ಮಕ್ಕಳನ್ನು ಸರ್ಕಾರಿ ಶಿಶುಗೃಹಗಳಿಗೆ ಸೇರಿಸುವುದು ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಪದ್ಧತಿಯೆಂಬ ಭಾವನೆ. ಸ್ವಪಕ್ಷದವರಿಂದಲೇ ಟೀಕೆಯ ಮಳೆ ಸುರಿಯಿತು. ಮಂತ್ರಿಯಾಗಿ ಅವರ ಪ್ರಭಾವಕ್ಕೆ ಉಂಟಾದ ಆ ಕುಂದು ಪೂರ್ತಿ ತುಂಬಿಬರಲೇ ಇಲ್ಲ.

ಮುಂದಿನ ಇತಿಹಾಸ ಏನನ್ನು ಹೇಳುತ್ತದೆ? ಮೂರು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಸ್ಥಾನ ಪಡೆಯುವ ಹಕ್ಕು 1996ರಲ್ಲಿ ಜಾರಿಗೆ ಬಂದಿತು. ಒಂದು ವರ್ಷ ತುಂಬಿದ ಮಗುವಿಗೂ ಆ ಹಕ್ಕನ್ನು ವಿಸ್ತರಿಸುವ ಕಾಯಿದೆ 2008ರಲ್ಲಿ ಆಯಿತು; 2013ರ ಆಗಸ್ಟಿನಿಂದ ಅದು ಜಾರಿಯಲ್ಲಿದೆ. ಆ ಕಾಯಿದೆಯನ್ನು ತಂದ ಮಂತ್ರಿ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರೂ ಅದೇ ಪಕ್ಷದವರು, ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರೂ ಅದೇ ಪಕ್ಷದವರು. ಎರಡು ವರ್ಷವೆಂದುದಕ್ಕೆ ಲೇರ್ ಅವರನ್ನು ಜರೆದ ಪಕ್ಷವು ಎರಡು ದಶಕಗಳೊಳಗೆ ಒಂದು ವರ್ಷಕ್ಕೆ ಬಂದು ನಿಂತಿತು. ಇದನ್ನು ಕಂಡು ಲೇರ್ ಅವರು ಸರಿ, ಉಳಿದವರು ತಪ್ಪು ಎಂದು ಲೆಕ್ಕ ಮುಗಿಸಿಬಿಡುವುದು ಸುಲಭ. ಆದರೆ ನೀತಿಯ ದೃಷ್ಟಿಯಿಂದ ವಿಚಾರ ಮಾಡುವವರು ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸತ್ಯವನ್ನು ಹೇಳುವುದು ವಿದ್ವಾಂಸನ ಹೊಣೆ. ಹೇಳಿದ ಸತ್ಯವು ಕಾರ್ಯರೂಪಕ್ಕೆ ಬರುವಂತೆ ಸಹಮತವನ್ನು ಸಿದ್ಧಪಡಿಸುವುದು ಮಂತ್ರಿಯ ಹೊಣೆ. ಮೊದಲನೆಯದನ್ನು ಲೇರ್ ಅವರು ನಿರ್ಭಯವಾಗಿ ನೆರವೇರಿಸಿದರು. ಎರಡನೆಯದಕ್ಕೆ ಬೇಕಾದ ಪೂರ್ವಸಿದ್ಧತೆಯನ್ನು ಮಾಡಿಕೊಳ್ಳದೆ ಮಾತನಾಡಿದರು. ಮಾತಿನಿಂದ ಹಿಂದೆಗೆದು ಪದವಿಯ ಬಲವನ್ನು ಉಳಿಸಿಕೊಳ್ಳುವ ಜಾಣತನವನ್ನು ಅವರು ತೋರಲಿಲ್ಲವೆಂಬುದು ಅವರ ಗುಣ. ಆದರೆ ಅವರ ಕಾಲದಲ್ಲಿ ಎರಡು ವರ್ಷದವರಾಗಿದ್ದ ಮಕ್ಕಳಿಗೆ ಆ ಗುಣದಿಂದ ಶಿಶುವಿಹಾರದ ಬಾಗಿಲು ತೆರೆಯಲಿಲ್ಲವೆಂಬುದೂ ಅಷ್ಟೇ ನಿಜ.

ಅವರ ಅಧಿಕಾರಾವಧಿ ನಿಷ್ಫಲವಾಯಿತೆಂದು ಇದರಿಂದ ಭಾವಿಸಬಾರದು. 1922ರ ಮೂಲದಿಂದ ಬಂದ ಹಳೆಯ ಕಾಯಿದೆಯ ಸ್ಥಾನದಲ್ಲಿ, ಮಕ್ಕಳ ಮತ್ತು ಯುವಜನರ ನೆರವಿನ ಹೊಸ ಕಾಯಿದೆಯು 1990ರಲ್ಲಿ ಅವರ ಇಲಾಖೆಯ ಮೂಲಕವೇ ಅಂಗೀಕೃತವಾಯಿತು. ವೃದ್ಧರ ಮಟ್ಟಿಗೆ ಅವರ ಚಿರಸ್ಥಾಯಿಯಾದ ಕೊಡುಗೆಯೆಂದರೆ, ದೇಶದ ಹಿರಿಯರ ಸ್ಥಿತಿಗತಿಯನ್ನು ತಜ್ಞರಿಂದ ಪರಿಶೀಲಿಸಿ ವರದಿ ಪಡೆಯಲು 1989ರಲ್ಲಿ ಆಯೋಗವೊಂದನ್ನು ನೇಮಿಸಿದ್ದು. ಅದರ ಮೊದಲ ವರದಿ 1993ರಲ್ಲಿ ಹೊರಬಂದಿತು. ಆಗ ಅವರು ಮಂತ್ರಿಯಾಗಿರಲಿಲ್ಲ. ಆದರೆ ಆ ಪರಿಪಾಠ ನಿಲ್ಲಲಿಲ್ಲ. ಸರ್ಕಾರಗಳು ಬದಲಾದರೂ ಒಂದರ ಮೇಲೊಂದು ವರದಿ ಬರುತ್ತಲೇ ಹೋಯಿತು. 2010ರ ಆರನೆಯ ವರದಿಯಂತೂ ಸಮಾಜವು ಮುಪ್ಪಿನ ಬಗ್ಗೆ ತನ್ನ ಮನಸ್ಸಿನಲ್ಲಿ ಬಿಡಿಸಿಕೊಂಡಿರುವ ಚಿತ್ರಗಳನ್ನೇ ವಿಷಯವಾಗಿ ತೆಗೆದುಕೊಂಡಿತು. ಅರ್ಧ ಶತಮಾನದ ಹಿಂದೆ ಬಾನ್ ಅಧ್ಯಯನ ಎತ್ತಿದ ಪ್ರಶ್ನೆಗೆ ಅದು ಬಹು ಹತ್ತಿರದ್ದು. ಒಂದು ಕಾಯಿದೆಗಿಂತಲೂ, ಸರ್ಕಾರವು ಕಾಲಕಾಲಕ್ಕೆ ತನ್ನ ಕಣ್ಣು ತೆರೆದು ನೋಡಲೇಬೇಕೆಂಬ ಕಟ್ಟಳೆಯನ್ನು ಬಿಟ್ಟುಹೋಗುವುದು ವಿದ್ವಾಂಸರಿಗೆ ತಕ್ಕ ರಾಜಕಾರಣ.

1990ರ ಡಿಸೆಂಬರಿನಲ್ಲಿ, ಏಕೀಕೃತ ಜರ್ಮನಿಯ ಮೊದಲ ಚುನಾವಣೆಯಲ್ಲಿ ಲೇರ್ ಅವರು ಸಂಸತ್ತಿಗೆ ಆಯ್ಕೆಯಾದರು. ಆದರೆ 1991ರ ಜನವರಿಯಲ್ಲಿ ಹೊಸ ಸಂಪುಟ ರಚನೆಯಾದಾಗ ಅವರ ಇಲಾಖೆಯನ್ನು ಮೂರಾಗಿ ಒಡೆಯಲಾಯಿತು. ಮೂರರಲ್ಲಿ ಒಂದೂ ಅವರಿಗೆ ದೊರೆಯಲಿಲ್ಲ. ಮಹಿಳೆಯರ ಮತ್ತು ಯುವಜನರ ಇಲಾಖೆ ಆಗಿನ್ನೂ ಹೊಸಬರಾಗಿದ್ದ ಆಂಗೆಲಾ ಮರ್ಕೆಲ್ ಅವರ ಪಾಲಾಯಿತು. ಕುಟುಂಬ ಹಾಗೂ ಹಿರಿಯ ನಾಗರಿಕರ ಇಲಾಖೆ ಹಾನೆಲೋರೆ ರೋನ್ಶ್ ಅವರಿಗೆ ಸಂದಿತು. ಹಿರಿಯ ನಾಗರಿಕರೆಂಬ ಮಾತು ಆ ದೇಶದ ಮಂತ್ರಾಲಯವೊಂದರ ಹೆಸರಿನಲ್ಲಿ ಮೊದಲ ಬಾರಿಗೆ ಸೇರಿದ್ದು, ಆ ವಿಷಯವನ್ನು ದೇಶಕ್ಕೆ ಕಲಿಸಿದವರು ಮಂತ್ರಾಲಯದಿಂದ ಹೊರಬಂದ ಗಳಿಗೆಯಲ್ಲಿ. 1994ರವರೆಗೆ ಸಾಮಾನ್ಯ ಸದಸ್ಯೆಯಾಗಿ ಸಂಸತ್ತಿನಲ್ಲಿ ಕುಳಿತು, ಅನಂತರ ಅವರು ಅಧ್ಯಯನಕ್ಕೆ ಮರಳಿದರು.

ಇನ್ನು ಅವರ ಬೋಧೆಯ ವಿಮರ್ಶೆ. ಮುದುಕರು ಅಶಕ್ತರೆಂಬ ಸಾರಾಸಗಟು ತೀರ್ಪನ್ನು ಅವರು ಒಡೆದದ್ದು ದೊಡ್ಡ ಉಪಕಾರ. ಆದರೆ ಒಂದು ತೀರ್ಪನ್ನು ಒಡೆಯುವ ಭರದಲ್ಲಿ ಅದರ ಪ್ರತಿತೀರ್ಪು ಜನರ ಮನಸ್ಸಿನಲ್ಲಿ ಬೇರೂರುವ ಅಪಾಯ ಸದಾ ಇರುತ್ತದೆ. ಚಟುವಟಿಕೆಯಿಂದಿರುವ ಮುಪ್ಪು ಸಾಧ್ಯ ಎಂಬ ಸಮಾಚಾರವು, ಚಟುವಟಿಕೆಯಿಂದಿರುವುದು ಮುದುಕರ ಕರ್ತವ್ಯ ಎಂಬ ವಿಧಿಯಾಗಿ ತಿರುಗಲು ಹೆಚ್ಚು ಕಾಲ ಬೇಕಿಲ್ಲ. ಅನಂತರ ಹಾಸಿಗೆ ಹಿಡಿದ ವೃದ್ಧನು ಎರಡು ನೋವನ್ನು ಉಣ್ಣಬೇಕಾಗುತ್ತದೆ: ರೋಗದ ನೋವೊಂದು, ತಾನು ಸರಿಯಾಗಿ ಮುಪ್ಪಾಗಲಿಲ್ಲವೆಂಬ ನಾಚಿಕೆಯ ನೋವು ಇನ್ನೊಂದು. ವ್ಯಾಯಾಮ ಮಾಡಲಿಲ್ಲ, ಮನಸ್ಸಿಗೆ ಕೆಲಸ ಕೊಡಲಿಲ್ಲ, ಅದಕ್ಕೇ ಹೀಗಾಯಿತೆಂದು ಆರೋಗ್ಯವಂತರು ರೋಗಿಯ ಮೇಲೆ ಹೊರೆ ಹೊರಿಸುವುದು ಹಿಂಸೆಯ ಒಂದು ನಯವಾದ ರೂಪ.

ಈ ಅಪಾಯದ ಬೀಜ ಬಾನ್ ಅಧ್ಯಯನದ ರಚನೆಯಲ್ಲಿಯೇ ಇತ್ತೆಂದು ಹೇಳಿದರೆ ಅನ್ಯಾಯವಾಗದು. ಅಲ್ಲಿ ಪಾಲ್ಗೊಂಡವರು ಆರಂಭದಲ್ಲಿ ಅರವತ್ತರಿಂದ ಎಪ್ಪತ್ತೈದರ ಒಳಗಿನವರು. ಪರೀಕ್ಷಾಸ್ಥಾನಕ್ಕೆ ಬಂದು ದೀರ್ಘ ಪ್ರಶ್ನೋತ್ತರಗಳಿಗೆ ಕೂರಬಲ್ಲವರು. ವರ್ಷಗಳು ಉರುಳಿದಂತೆ ಕಾಯಿಲೆಯವರು ಕಳಚಿಕೊಂಡರು, ಗಟ್ಟಿಗರು ಉಳಿದುಕೊಂಡರು. ಕೊನೆಯ ಸುತ್ತಿನಲ್ಲಿ ಉಳಿದವರನ್ನು ನೋಡಿ ಮುಪ್ಪಿನ ಒಟ್ಟು ಸ್ವರೂಪವನ್ನು ನಿರ್ಣಯಿಸುವುದು, ಬಾಗಿಲು ತೆರೆದಿರುವ ಅಂಗಡಿಗಳನ್ನು ಮಾತ್ರ ಎಣಿಸಿ ಪೇಟೆಯಲ್ಲಿ ದಿವಾಳಿಯೇ ಇಲ್ಲವೆಂದಂತೆ. ಅನಂತರ 1990ರಲ್ಲಿ ಆರಂಭವಾದ ಬರ್ಲಿನ್ ಅಧ್ಯಯನವು ಎಪ್ಪತ್ತರಿಂದ ನೂರು ದಾಟಿದವರವರೆಗಿನ 516 ಮಂದಿಯನ್ನು ಪರಿಶೀಲಿಸಿತು. ಅದರ ನೇತಾರರಲ್ಲೊಬ್ಬರಾದ ಪೌಲ್ ಬಾಲ್ಟೆಸ್ ಅವರು, ಎಪ್ಪತ್ತರ ಆಸುಪಾಸಿನ ಹಸನಾದ ಮುಪ್ಪು ಬೇರೆ, ಎಂಬತ್ತೈದು ದಾಟಿದ ಮೇಲಿನ ಮುಪ್ಪು ಬೇರೆ ಎಂದು ಎಚ್ಚರಿಸಿದರು. ಆ ಕೊನೆಯ ಘಟ್ಟದಲ್ಲಿ ಮರೆವಿನ ರೋಗ, ಅಂಗವೈಕಲ್ಯ, ಒಂಟಿತನಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ಅಭ್ಯಾಸದಿಂದ ಗಳಿಸಬಹುದಾದುದು ಕಡಿಮೆಯಾಗುತ್ತ ಹೋಗುತ್ತದೆ. ಲೇರ್ ಅವರ ಉತ್ಸಾಹಕ್ಕೆ ಇದು ಅಗತ್ಯವಾದ ತಿದ್ದುಪಡಿ.

ಆದರೆ ನ್ಯಾಯದ ತಕ್ಕಡಿಯಲ್ಲಿ ಇನ್ನೊಂದು ತಟ್ಟೆಯೂ ಇದೆ. ಲೇರ್ ಅವರು ಹೇಳಿದ ನಾಲ್ಕು ಅಂಗಗಳಲ್ಲಿ ಕೊನೆಯದು, ಮರಳಿ ಪಡೆಯಲಾಗದ ಸ್ಥಿತಿಯಲ್ಲಿರುವವರಿಗೆ ಆಸರೆಯಾಗುವುದು. ಅಂದರೆ ಅಶಕ್ತರನ್ನು ಅವರು ಮರೆತಿರಲಿಲ್ಲ. ಮೊದಲ ಮೂರು ಅಂಗಗಳು ಘೋಷಣೆಗೆ ಸುಲಭವಾಗಿ ಒದಗಿದವು. ನಾಲ್ಕನೆಯದಕ್ಕೆ ಹಣ ಬೇಕು, ಕೈಗಳು ಬೇಕು, ತಾಳ್ಮೆ ಬೇಕು. ಜರ್ಮನಿಯಲ್ಲಿ ಆ ನಾಲ್ಕನೆಯ ಅಂಗಕ್ಕೆ ಕಾಯಿದೆಯ ಬಲ ಬಂದದ್ದು ಅವರ ಇಲಾಖೆಯಿಂದಲ್ಲ. ಕಾರ್ಮಿಕ ಮಂತ್ರಿ ನಾರ್ಬರ್ಟ್ ಬ್ಲೂಮ್ ಅವರ ಪ್ರಯತ್ನದಿಂದ 1994ರಲ್ಲಿ ಅಂಗೀಕೃತವಾಗಿ 1995ರಿಂದ ಜಾರಿಯಾದ ಶುಶ್ರೂಷಾ ವಿಮೆಯ ಕಾಯಿದೆಯಿಂದ. ಮುಪ್ಪಿನ ಶಕ್ತಿಯನ್ನು ಸಾರಿದವರು ಒಬ್ಬರು, ಮುಪ್ಪಿನ ಅಶಕ್ತಿಗೆ ಹಣದ ಏರ್ಪಾಡು ಮಾಡಿದವರು ಇನ್ನೊಬ್ಬರು. ಈ ಎರಡರಲ್ಲಿ ಒಂದನ್ನು ಬಿಟ್ಟ ನೀತಿ ಕುಂಟುನೀತಿಯಾಗುತ್ತದೆ.

ಬೋಧೆಯ ಇನ್ನೊಂದು ದುರುಪಯೋಗದ ಕಡೆಗೂ ಗಮನ ಹರಿಸಬೇಕು. ದಿನಾಂಕ ನೋಡಿ ಎಲ್ಲರನ್ನೂ ಒಂದೇ ದಿನ ಮನೆಗೆ ಕಳುಹಿಸುವ ಪದ್ಧತಿ ತಪ್ಪು, ನಿವೃತ್ತಿಯ ವಯಸ್ಸು ವ್ಯಕ್ತಿಯ ಸಾಮರ್ಥ್ಯಕ್ಕೂ ಇಚ್ಛೆಗೂ ತಕ್ಕಂತೆ ಹೊಂದಿಕೊಳ್ಳಬೇಕು ಎಂಬುದು ಲೇರ್ ಅವರ ಪ್ರತಿಪಾದನೆ. 2007ರಲ್ಲಿ ಜರ್ಮನಿಯು ನಿವೃತ್ತಿವೇತನದ ವಯಸ್ಸನ್ನು ಅರವತ್ತೈದರಿಂದ ಅರವತ್ತೇಳಕ್ಕೆ ಏರಿಸುವ ಕಾಯಿದೆ ಮಾಡಿತು. 2012ರಿಂದ ಮೆಲ್ಲಮೆಲ್ಲನೆ ಏರುತ್ತಿರುವ ಆ ಮಿತಿಯು 2031ರ ವೇಳೆಗೆ ಪೂರ್ಣವಾಗಬೇಕಾಗಿದೆ. ಇಂದಿನ ಮುದುಕರು ಹಿಂದಿನವರಿಗಿಂತ ಗಟ್ಟಿಗರೆಂಬ ವಿಜ್ಞಾನದ ಮಾತು ಅದರ ಸಮರ್ಥನೆಗೆ ಒದಗಿತು. ಆದರೆ ಕಾಯಿದೆ ಮಾಡಿದ್ದೇನು? ಒಂದು ಗೆರೆಯನ್ನು ಅಳಿಸಿ, ಎರಡು ವರ್ಷ ಆಚೆಗೆ ಇನ್ನೊಂದು ಗೆರೆಯನ್ನು ಎಳೆಯಿತು. ಅರವತ್ತೇಳರಲ್ಲಿಯೂ ಪಾಠ ಹೇಳಬಲ್ಲ ಪ್ರಾಧ್ಯಾಪಕನಿಗೂ, ಐವತ್ತೆಂಟಕ್ಕೇ ಬೆನ್ನು ಸೋತ ಗಾರೆಕೆಲಸದವನಿಗೂ ಅದೇ ಗೆರೆ. ಖಜಾನೆಯ ಅಗತ್ಯ ನಿಜವಿರಬಹುದು. ಆದರೆ ಪ್ರತಿಯೊಬ್ಬನನ್ನೂ ಬಿಡಿಯಾಗಿ ನೋಡಬೇಕೆಂದ ವಿದ್ಯೆಯನ್ನು, ಎಲ್ಲರನ್ನೂ ಒಟ್ಟಾಗಿ ತಳ್ಳುವುದಕ್ಕೆ ಸಾಕ್ಷಿಯಾಗಿ ಕರೆಯುವುದು ಆ ವಿದ್ಯೆಗೆ ಬಗೆದ ದ್ರೋಹ.

ಲೇರ್ ಅವರ ಕೊನೆಯ ದಶಕಗಳು ಅವರ ಬೋಧೆಯ ಸ್ವಂತ ಸಾಕ್ಷ್ಯದಂತಿವೆ. 1995ರಿಂದ 1998ರವರೆಗೆ ಹೈಡೆಲ್‌ಬರ್ಗ್‌ನಲ್ಲಿ ವೃದ್ಧಾಪ್ಯ ಸಂಶೋಧನೆಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ನಡೆಸಿದರು. 1998ರಲ್ಲಿ ತಮ್ಮ ಗುರುವೂ ಸಹೋದ್ಯೋಗಿಯೂ ಆಗಿದ್ದ ಹಾನ್ಸ್ ಥೊಮೆ ಅವರನ್ನು ವಿವಾಹವಾದರು. 2001ರಲ್ಲಿ ಥೊಮೆ ಅವರು ಕಾಲವಾದರು. ತಮ್ಮ ಮಂತ್ರಿಗಿರಿಯ ಕಾಲದಲ್ಲಿ, 1989ರಲ್ಲಿ ಸ್ಥಾಪಿತವಾಗಿದ್ದ ಹಿರಿಯರ ಸಂಘಟನೆಗಳ ರಾಷ್ಟ್ರೀಯ ಒಕ್ಕೂಟಕ್ಕೆ 2009ರಿಂದ 2015ರವರೆಗೆ ಅಧ್ಯಕ್ಷರಾಗಿದ್ದರು. ಆ ಹೊಣೆಯನ್ನು ಇಳಿಸಿದಾಗ ಎಂಬತ್ತೈದು ವರ್ಷ. ಇದು ಸ್ಫೂರ್ತಿದಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದನ್ನು ಎಲ್ಲರಿಗೂ ಮಾದರಿಯಾಗಿ ಎತ್ತಿಹಿಡಿಯುವವರು ಅವರ ಮೂಲಪಾಠವನ್ನೇ ಮರೆತಂತಾಗುತ್ತದೆ. ಎಂಬತ್ತೈದರಲ್ಲಿ ಒಕ್ಕೂಟವನ್ನು ನಡೆಸಿದವರೂ ಒಬ್ಬ ವೃದ್ಧರು, ಎಂಬತ್ತೈದರಲ್ಲಿ ಮಗನ ಹೆಸರನ್ನು ಮರೆತವರೂ ಒಬ್ಬ ವೃದ್ಧರು. ಒಬ್ಬರ ಬಾಳಿನಿಂದ ಇನ್ನೊಬ್ಬರ ಬಾಳನ್ನು ಅಳೆಯಲಾಗದು ಎಂಬುದೇ 1965ರಿಂದ ಇಪ್ಪತ್ತು ವರ್ಷ ನೂರಾರು ಮಂದಿಯ ಮಾತನ್ನು ಕುಳಿತು ಕೇಳಿ ಅವರು ಕಲಿತದ್ದು.

ಅಂತೂ, ಮಂತ್ರಿಯಾಗಿ ಲೇರ್ ಅವರು ಮಾಡಿದ್ದು ಅವರು ಬಯಸಿದ್ದಕ್ಕಿಂತ ಕಡಿಮೆ. ಎರಡು ವರ್ಷ ಒಂದು ತಿಂಗಳಿನ ಅಧಿಕಾರದಲ್ಲಿ ಹೆಚ್ಚು ಮಾಡುವುದು ಸುಲಭವೂ ಅಲ್ಲ. ವಿದುಷಿಯಾಗಿ ಅವರು ಮಾಡಿದ್ದು, ಅವರ ಹಿಂಬಾಲಕರು ಗ್ರಹಿಸಿದ್ದಕ್ಕಿಂತ ಹೆಚ್ಚು. ವೃದ್ಧರು ಶಕ್ತರೆಂಬ ಒಂದು ಘೋಷಣೆಯಾಗಿ ಅವರ ವಿದ್ಯೆಯನ್ನು ಸಂಗ್ರಹಿಸಿದರೆ ಅದರ ಅರ್ಧ ಬೆಲೆ ಕಳೆದುಹೋಗುತ್ತದೆ. ಈ ವೃದ್ಧನ ಶಕ್ತಿ ಏನು, ಅಶಕ್ತಿ ಏನು, ಇವನ ಬಯಕೆ ಏನು ಎಂದು ಅವನನ್ನೇ ಕೇಳಿ ತಿಳಿಯಬೇಕೆಂಬುದು ಅದರ ಪೂರ್ಣಾರ್ಥ. ಕಾಯಿದೆ ಇಷ್ಟು ಸೂಕ್ಷ್ಮವಾಗಿ ಕೇಳಲಾರದು. ಅದಕ್ಕೆ ಗೆರೆ ಬೇಕೇಬೇಕು. ಆದರೆ ಮನೆಗೆ, ನೆರೆಗೆ, ವೈದ್ಯನಿಗೆ, ಶುಶ್ರೂಷೆ ಮಾಡುವ ಕೈಗೆ ಆ ಗೆರೆಯ ಕಟ್ಟಿಲ್ಲ. ಅವರಾದರೂ ಕೇಳಬಹುದು, ಕೇಳಲೇಬೇಕು.